ಸುಣ್ಣ ಬಳಿಯುವ ದಿನ

ಸಿಟ್ಟಿನಲ್ಲಿ ಆಡಿದ ಮಾತು ಗೋಡೆಗೆ ಮಸಿಯಂತೆ ಅಂಟಿಕೊಳ್ಳುತ್ತದೆ, ಆಡಿದವರ ಕೈಬರಹದಲ್ಲೇ. ಮುದ್ದಿನ ಮಾತು ಎಲ್ಲೂ ನಿಲ್ಲುವುದಿಲ್ಲ. ಹಬ್ಬಕ್ಕೆ ಬಂದ ನೆಂಟರು ಓದಿಯಾರೆಂದು ಯುಗಾದಿಗೆ ಮುಂಚೆ ಎಲ್ಲರೂ ಸುಣ್ಣ ಬಳಿಯುತ್ತಾರೆ.

ವಾರಿಜಾ ಅಡುಗೆಮನೆ ಮುಗಿಸಿ ನಡುಮನೆಗೆ ಬಂದಾಗ ಮಗಳು ಮಂದಾರ ಗೋಡೆಗೆ ಅಡ್ಡ ನಿಂತಿದ್ದಳು. ಅವಳ ಬೆನ್ನ ಹಿಂದೆ, ಚಳಿಗಾಲದಲ್ಲಿ ತೀರಿಕೊಂಡ ಅಪ್ಪನ ಸೊಟ್ಟ ಅಕ್ಷರ: ‘ಮತ್ತೆ ಹಾಲು ಚೆಲ್ಲಿದ್ಯಲ್ಲೇ, ದರಿದ್ರದವಳೇ!’

“ಇದನ್ನ ಬಿಡಮ್ಮ. ಅಪ್ಪನ ಮಾತು ಅಂತ ಉಳಿದಿರೋದು ಇದೊಂದೇ.”

ವಾರಿಜಾ ಅದರ ಸುತ್ತ ಸುಣ್ಣ ಬಳಿದಳು. ತನ್ನ ಬೈಗುಳಗಳ ಮೇಲೆ ಬ್ರಷ್ ಇಡುವಷ್ಟರಲ್ಲಿ ಮಗಳು ಮೆಲ್ಲಗೆ ಅಂದಳು: “ನಿಂದೂ ಒಂದು ಉಳಿಸು.”

ವಾರಿಜಾ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು, ಮತ್ತೆ ಓದಿದಳು. ಮಗಳಿಗೆ ಬಿಟ್ಟುಹೋಗುವಂಥದ್ದು ಒಂದೂ ಸಿಗಲಿಲ್ಲ.