ಚಕ್ರದ ಟೇಬಲ್

"ಮಷೀನು ನಿನ್ನಿಷ್ಟ. ಟೇಬಲ್ ಮಾತ್ರ ಚಕ್ರ ಇರೋದೇ ತಗೋ," ಎಂದು ಮುನಿರಾಜಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಹೆಂಡತಿಗೆ ಹೇಳಿದ.

ಲಕ್ಷ್ಮಿದೇವಿ ವೆಲ್ಡಿಂಗ್ ಮಷೀನಿನ ಹಿಂಭಾಗವನ್ನು ಬಗ್ಗಿ ನೋಡುತ್ತಿದ್ದಳು. ಸಂಜೆ ತರಗತಿಗೆ ಹೋಗಿ ವೆಲ್ಡಿಂಗ್ ಕಲಿತಿದ್ದಳು. ಕಲಿತದ್ದೆಲ್ಲ ನೆನಪಿದೆಯೋ ಇಲ್ಲವೋ ಎಂಬ ಅಳುಕು ಶಿವಾಜಿನಗರದಲ್ಲಿ ಬಸ್ಸಿಳಿದಾಗಿನಿಂದ ಬಿಟ್ಟಿರಲಿಲ್ಲ. "ನಮ್ಮನೇಲಿ ಸಿಂಗಲ್ ಫೇಸು. ಇದು ಓಡುತ್ತಾ?" ಎಂದು ಕೇಳಿದಳು.

"ಓಡುತ್ತೆ ಅಣ್ಣಾ," ಎಂದು ಅಂಗಡಿಯ ಮೊಹ್ಸಿನ್ ಮುನಿರಾಜಪ್ಪನಿಗೆ ಹೇಳಿದ.

"ಕೇಳಿದ್ದು ನಾನು."

"ಓಡುತ್ತೆ ಅಮ್ಮಾ," ಎಂದು ಮೊಹ್ಸಿನ್ ಇತ್ತ ತಿರುಗಿದ. "ಸಣ್ಣ ರಾಡು ಹಾಕಿ, ಅಷ್ಟೇ. ದಪ್ಪ ರಾಡು ಹಾಕಿದ್ರೆ ಇಡೀ ಮನೆ ಕರೆಂಟು ಹೋಗುತ್ತೆ, ಅಣ್ಣನ ಟೀವಿ ಸಮೇತ."

ಮಷೀನಿನ ಮಾತು ಅಲ್ಲಿಗೆ ಮುಗಿಯಿತು. ಟೇಬಲ್‌ಗಳು ಎರಡಿದ್ದವು. ಎರಡಕ್ಕೂ ಬೆರಳು ದಪ್ಪದ ಕಬ್ಬಿಣದ ಹಲಗೆ. ಒಂದರ ಕಾಲಿಗೆ ಅಗಲ ಪಾದ, ಇನ್ನೊಂದರ ಕಾಲಿಗೆ ಚಕ್ರ. ಲಕ್ಷ್ಮಿದೇವಿ ಪಾದದ ಟೇಬಲಿನ ಅಂಚು ಹಿಡಿದು ಜಗ್ಗಿದಳು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. "ಇದೇ ಇರ್ಲಿ. ಕೆಲಸ ಮಾಡುವಾಗ ಅಲುಗಾಡಬಾರ್ದು," ಎಂದಳು.

"ನಮ್ಮ ಕೊಟ್ಟಿಗೆ ನಾಲ್ಕು ಜನ ಬಂದು ಕೂರೋ ಜಾಗ ಕಣೇ. ಯಾರಾನ ಬಂದ್ರೆ ಇದನ್ನ ಮೂಲೆಗೆ ತಳ್ಬೋದು," ಎಂದು ಮುನಿರಾಜಪ್ಪ ಚಕ್ರದ ಟೇಬಲನ್ನು ಕಾಲಿನಿಂದಲೇ ನೂಕಿ ತೋರಿಸಿದ.

"ಹೊಲಿಗೆ ಮಷೀನಿಗೂ ಚಕ್ರ ಇತ್ತು," ಎಂದಳು ಲಕ್ಷ್ಮಿದೇವಿ.

ಯಾರದೋ ನಾಮಕರಣಕ್ಕೆ ನೆಂಟರು ಬರುತ್ತಾರೆಂದು ಆ ಹೊಲಿಗೆ ಮಷೀನನ್ನು ಒಂದು ದಿನದ ಮಟ್ಟಿಗೆ ಮೆಟ್ಟಿಲ ಕೆಳಗೆ ತಳ್ಳಿದ್ದರು. ಅದು ಇನ್ನೂ ಅಲ್ಲೇ ಇದೆ, ಮೇಲೆ ಹಾಸಿಗೆಗಳ ರಾಶಿ. ಮುನಿರಾಜಪ್ಪನಿಗೆ ಅದು ನೆನಪಾಗಲಿಲ್ಲ. ಮೊಹ್ಸಿನ್ ಒಮ್ಮೆ ಗಂಡನನ್ನೂ ಒಮ್ಮೆ ಹೆಂಡತಿಯನ್ನೂ ನೋಡಿ ಚಕ್ರದ ಟೇಬಲನ್ನೇ ಟೆಂಪೋಗೆ ಹಾಕಿಸಿದ.

ಕೃಷ್ಣರಾಜಪುರದ ಅವರ ಮನೆಯ ಮುಂದೆ, ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯಿತ್ತು. ಶೀಟಿನ ಮಾಡು, ಕಬ್ಬಿಣದ ಕಂಬ. ಲಕ್ಷ್ಮಿದೇವಿ ಅಲ್ಲಿ ಟೇಬಲ್ ನಿಲ್ಲಿಸಿ, ಮಹಡಿ ಮೆಟ್ಟಿಲಿಗೆಂದು ಒಂದು ಪುಟ್ಟ ಗೇಟಿನ ಚೌಕಟ್ಟು ಜೋಡಿಸಿದಳು. ಮೂಲೆ ನೇರ ಇದೆಯೇ ಎಂದು ಮೂಲೆಮಟ್ಟ ಹಿಡಿದು ನೋಡಿದಳು, ಅನುಮಾನ ಬಂದು ಮತ್ತೆ ಹಿಡಿದಳು. ಸದ್ಯಕ್ಕೆ ನಿಲ್ಲಲೆಂದು ನಾಲ್ಕು ಮೂಲೆಗೂ ಒಂದೊಂದು ಚುಕ್ಕೆ ಬೆಸುಗೆ ಇಟ್ಟಳು. ಆಗ ಗಂಡನ ಗೆಳೆಯ ಕೆಂಪರಾಜ್ ಇನ್ನಿಬ್ಬರ ಜೊತೆ ಬಂದ. ಅವಳು ಕಾಫಿ ಮಾಡಲು ಒಳಗೆ ಹೋದಳು.

ಲೋಟಗಳನ್ನು ಹಿಡಿದು ಹೊರಗೆ ಬಂದಾಗ ಟೇಬಲ್ ಮೂಲೆಯಲ್ಲಿತ್ತು. ಅದರ ಜಾಗದಲ್ಲಿ ಕುರ್ಚಿಗಳು. ಚೌಕಟ್ಟು ನೆಲಕ್ಕೆ ಬಿದ್ದು, ಒಂದು ಮೂಲೆ ಬಾಯಿ ಬಿಟ್ಟಿತ್ತು. ಟೇಬಲಿನ ಮೇಲೆ ಯಾರದೋ ಬೈಕಿನ ಹೆಲ್ಮೆಟ್ಟು, ಒಂದು ಕೈಚೀಲ.

"ಇಟ್ಬಿಟ್ಟು ಹೋಗು ಲಕ್ಷ್ಮೀ," ಎಂದ ಮುನಿರಾಜಪ್ಪ.

ಅವಳು ಲೋಟಗಳನ್ನು ಕೈಚೀಲದ ಪಕ್ಕ ಇಟ್ಟು ಒಳಗೆ ಹೋದಳು.

ಮರುದಿನ ಮುನಿರಾಜಪ್ಪ ಮಹದೇವಪುರಕ್ಕೆ ಮದುವೆ ಊಟಕ್ಕೆ ಹೊರಟ. ಬೈಕಿನ ಸದ್ದು ಬೀದಿಯ ತಿರುವು ದಾಟುತ್ತಲೇ ಲಕ್ಷ್ಮಿದೇವಿ ಟೇಬಲನ್ನು ಕೊಟ್ಟಿಗೆಯ ನಡುವೆ, ಕಂಬಕ್ಕೆ ತಾಗುವಂತೆ ಎಳೆದುಕೊಂಡಳು. ಚಕ್ರಗಳನ್ನು ಕತ್ತರಿಸಿ ತೆಗೆದಳು. ಕಂಬದ ಬಣ್ಣ ಉಜ್ಜಿ, ಕಂಬಕ್ಕೂ ಟೇಬಲಿನ ಕಾಲಿಗೂ ನಡುವೆ ಒಂದು ಕಬ್ಬಿಣದ ಪಟ್ಟಿ ಇಟ್ಟು ಬೆಸೆದಳು. ಬೆಸುಗೆ ಸೊಟ್ಟಗಾಯಿತು. ಸಾಲದೇನೋ ಎನ್ನಿಸಿ ಇನ್ನೊಂದು ಕಾಲಿಗೂ ಪಟ್ಟಿ ಹಾಕಿದಳು. ಇನ್ನು ಚಕ್ರಗಳು ಉಳಿದವು. ಅವನ್ನು ಏನು ಮಾಡುವುದೆಂದು ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ.

ಮುನಿರಾಜಪ್ಪ ಮದುವೆಯಿಂದ ಕೆಂಪರಾಜನನ್ನೂ ಕರೆದುಕೊಂಡು ಬಂದ. ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಲೇ ಟೇಬಲನ್ನು ಸೊಂಟದಿಂದ ನೂಕಿದ. ಕದಲಲಿಲ್ಲ. ಕೈ ಹಾಕಿ ನೂಕಿದ. ಮಾಡಿನ ಶೀಟು ಗಡಗಡ ಎಂದಿತು, ಟೇಬಲ್ ಇದ್ದಲ್ಲೇ ಇತ್ತು. ಬಗ್ಗಿ ನೋಡಿದ.

"ಏನೇ ಇದು? ಚಕ್ರ ಎಲ್ಲೋಯ್ತು?"

"ಕೂತ್ಕೊಳ್ಳಿ, ಗೊತ್ತಾಗುತ್ತೆ."

"ಕೊಟ್ಟಿಗೆ ಯಾರ್ದು ಅಂದ್ಕೊಂಡಿದೀಯ?"

"ನಿಮ್ಮ ಅಪ್ಪಂದು. ಅವ್ರು ಹಸುಗೂ ಒಂದು ಜಾಗ ಅಂತ ಮಾಡ್ಕೊಟ್ಟಿದ್ರು. ಯಾರ್ ಬಂದ್ರೂ ಅದನ್ನ ಎಬ್ಬಿಸ್ತಿರ್ಲಿಲ್ಲ."

ಕೆಂಪರಾಜ್ ನಗಲೋ ಬೇಡವೋ ಎಂದು ನಿಂತ. ಮುನಿರಾಜಪ್ಪ ಗೋಡೆ ಪಕ್ಕದಲ್ಲಿದ್ದ ತನ್ನ ಕಬ್ಬಿಣದ ಪೈಪಿನ ಕುರ್ಚಿಯಲ್ಲಿ ದೊಪ್ಪನೆ ಕೂತ. ಕುರ್ಚಿ ಅವನನ್ನು ಹೊತ್ತುಕೊಂಡು ಗೇಣುದ್ದ ಹಿಂದಕ್ಕೆ ಸರಿಯಿತು. ಅವನು ಗಾಬರಿಯಿಂದ ಎರಡೂ ಕೈ ಹಿಡಿಗಳನ್ನು ಬಿಗಿಹಿಡಿದು ಕೆಳಗೆ ನೋಡಿದ. ನಾಲ್ಕು ಕಾಲಿಗೂ ಚಕ್ರ.

"ಪೈಪು ತೆಳು ಇತ್ತು, ಒಂದು ಕಡೆ ತೂತಾಯ್ತು. ಮುಚ್ಚಿದೀನಿ. ಬೀಳಲ್ಲ," ಎಂದಳು ಲಕ್ಷ್ಮಿದೇವಿ. "ಯಾರಾನ ಬಂದ್ರೆ ಮೂಲೆಗೆ ತಳ್ಬೋದು."

ಬಾಯಿ ಬಿಟ್ಟಿದ್ದ ಚೌಕಟ್ಟನ್ನು ಎತ್ತಿ ಟೇಬಲಿನ ಮೇಲೆ ಇಟ್ಟಳು. ಮೂಲೆಮಟ್ಟ ಹಿಡಿದು ನೋಡಿದಳು. ಇನ್ನೊಂದು ಸಲ ನೋಡಿ, ಮುಖಗವಸು ಕೈಗೆತ್ತಿಕೊಂಡಳು.

"ಇಬ್ರೂ ಆ ಕಡೆ ತಿರುಗಿ. ಬೆಳಕು ಕಣ್ಣಿಗೆ ಹೊಡೆಯುತ್ತೆ."

ಕೆಂಪರಾಜ್ ತಕ್ಷಣ ತಿರುಗಿದ. ಮುನಿರಾಜಪ್ಪ ಅವಳನ್ನು ದುರುಗುಟ್ಟಿ ನೋಡುತ್ತ ಕೂತ. ಅವಳು ಮುಖಗವಸು ಇಳಿಸಿದಳು, ರಾಡು ಎತ್ತಿದಳು, ಕಾದಳು. ಕೊನೆಗೆ ಅವನು ಪಾದವನ್ನು ನೆಲಕ್ಕೆ ಒತ್ತಿದ. ಕುರ್ಚಿ ಸದ್ದಿಲ್ಲದೆ ಗೋಡೆಯ ಕಡೆ ತಿರುಗಿತು.