ಉಮಾದೇವಿಯ ಹಿನ್ನೆಲೆ ಸಂಗೀತ

ಯಾವ ಸದ್ದು ಕೇಳುತ್ತ ಓದಿದ್ದೆವೋ ಅದು ಕಿವಿಗೆ ಬಿದ್ದರೆ ಮಾತ್ರ ಓದಿದ್ದು ನೆನಪಾಗುವ ಕಾಲವದು. ಹಾಗಾಗಿ ಪರೀಕ್ಷೆಗೆ ಹಾಲ್ ಟಿಕೆಟ್ಟಿನ ಜೊತೆ ಹಿನ್ನೆಲೆ ಸಂಗೀತವನ್ನೂ ತರಬೇಕಿತ್ತು. ಧಾರವಾಡದ ಕೇಂದ್ರದಲ್ಲಿ ಎಲ್ಲರೂ ವೀಣೆ, ಕೊಳಲು, ಕಡಲಲೆಯ ಸದ್ದನ್ನು ಇಯರ್‌ಫೋನಿನಲ್ಲಿ ಹಚ್ಚಿಕೊಂಡು ಗತ್ತಿನಿಂದ ಕೂತಿದ್ದರು. ಉಮಾದೇವಿ ಮಾತ್ರ ಅವ್ವನನ್ನೇ ಕರೆತಂದಿದ್ದಳು. ಅವಳು ಓದಿದ್ದೆಲ್ಲ ಅವ್ವನ ಬೈಗುಳದ ನಡುವೆ.

ಅವ್ವನೋ, ನಾಲ್ಕು ಮಂದಿಯನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡು, “ಚಲೋ ಬರಿಯವ್ವಾ, ನನ್ನ ಬಂಗಾರ,” ಎಂದಳು.

ಉಮಾದೇವಿಗೆ ಒಂದು ಸೂತ್ರವೂ ಹೊಳೆಯಲಿಲ್ಲ. “ಬೈಯವ್ವಾ, ಫೇಲಾಗ್ತೀನಿ.”

“ಇಷ್ಟು ಶಾಣ್ಯಾ ಮಗಳನ್ನ ಮಂದಿ ಮುಂದ ಹೆಂಗ ಬೈಲಿ?”

ಬೇರೆ ದಾರಿಯಿರಲಿಲ್ಲ. “ನಿನ್ನ ಸಾರಿಗಿಂತ ಮಗ್ಗಲಮನಿ ಚೆನ್ನಕ್ಕನ ಸಾರು ರುಚಿ ಬಿಡವ್ವಾ.”

“ಏನಂದಿ? ಉಂಡ ತಾಟು ತೊಳಿಯಾಕ ಬರಂಗಿಲ್ಲ, ರುಚಿ ಹೇಳ್ತಾಳ ರುಚಿ. ಪುಸ್ತಕ ಮುಂದಿಟ್ಕೊಂಡು ಕಿಡಕಿ ನೋಡಾಕಿ...”

ಉಮಾದೇವಿಯ ಪೆನ್ನು ಓಡತೊಡಗಿತು. ಅಷ್ಟು ಹೊತ್ತೂ ಖಾಲಿ ಹಾಳೆ ನೋಡುತ್ತಿದ್ದ ವೀಣೆಯವರು, ಕೊಳಲಿನವರು, ಕಡಲಲೆಯವರೆಲ್ಲ ಇಯರ್‌ಫೋನ್ ಕಿತ್ತಿಟ್ಟು ತಲೆ ತಗ್ಗಿಸಿ ಬರೆಯತೊಡಗಿದರು.

ಮೇಲ್ವಿಚಾರಕರು ಅವ್ವನ ಮುಂದೆ ಒಂದು ಲೋಟ ನೀರಿಟ್ಟರು. “ಅಕ್ಕಾರ, ನಿಲ್ಲಿಸಬ್ಯಾಡ್ರಿ. ಇನ್ನೂ ಎರಡು ತಾಸು ಐತ್ರಿ.”