ಅಮಲ್ದಾರರ ಮುಂದೆ ಹೇಳಿದ ಮಾತು

ಮೊಮ್ಮಗಳು ಬರೆದ ಸುದ್ದಿ ಅವಳ ಹೆಸರಿನೊಂದಿಗೇ ಪೇಪರಿನಲ್ಲಿ ಬಂದಿದೆ! ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಅಕ್ಷರ ಕೂಡಿಸಿ ಓದಿ, ಬೀದಿಗೆಲ್ಲ ತೋರಿಸಿ ಬಂದು ಕೂತರೆ, ಬೆರಳಿಗಂಟಿದ ಮಸಿಯ ವಾಸನೆ ಆ ಮಧ್ಯಾಹ್ನವನ್ನು ಎಳೆದು ತಂದಿದೆ.

ಅದು ಎರಡನೇ ಮಹಾಯುದ್ಧದ ಕಾಲ, ನಾನಿನ್ನೂ ಚಿಕ್ಕ ಹುಡುಗಿ. ರಾವಂದೂರಿನ ಪಕ್ಕದ ನಮ್ಮೂರಿನ ರಾಗಿಯನ್ನೆಲ್ಲ ಸರ್ಕಾರದವರು ಲೆವಿಯೆಂದು ಕಡ್ಡಾಯವಾಗಿ ಅಳೆದುಕೊಂಡು ಹೋಗಿದ್ದರು. ಪೇಪರು ನಡೆಸುವುದನ್ನು ಬಿಟ್ಟು ರೈತರ ಮುಖಂಡರಾಗಿದ್ದವರೊಬ್ಬರು, ನಮ್ಮೂರಿಗೆ ರೇಷನ್ ಧಾನ್ಯದ ಡಿಪೋ ಕೊಡಿಸಲು ತಾಲ್ಲೂಕಿನ ಅಮಲ್ದಾರರನ್ನೇ ಮೋಟಾರಿನಲ್ಲಿ ಕರೆತಂದರು. ನಮ್ಮ ಜಗಲಿಯ ಮುಂದೆ ಊರೇ ನಿಂತಿತ್ತು. ಮುಖಂಡರ ಒರಟು ಖಾದಿ ಜುಬ್ಬಕ್ಕೆ ಇನ್ನೂ ಅಚ್ಚಿನ ಮಸಿಯ ವಾಸನೆಯಿತ್ತು.

“ಊಟ ಆಯ್ತೇನವ್ವ?” ಎಂದು ಅವರು ನನ್ನನ್ನು ಕೇಳಿದರು.

ಹಿಂದಿನ ದಿನದಿಂದ ನಮ್ಮ ಒಲೆ ಹೊತ್ತಿರಲಿಲ್ಲ. ಆದರೆ ಯಾರು ಕೇಳಿದರೂ ಆಯ್ತು ಅನ್ನಬೇಕೆಂದು ಅವ್ವ ಕಲಿಸಿದ್ದಳು.

“ಆಯ್ತು ಸ್ವಾಮಿ. ಅನ್ನ ಉಂಡೆ,” ಎಂದೆ.

ಅಮಲ್ದಾರರು ನಕ್ಕರು. “ಕೇಳಿದ್ರಾ ಎಡಿಟರೇ? ನಮ್ಮನೇಲಿ ಇವತ್ತು ಮುದ್ದೆ. ಇವರಿಗೆ ಅನ್ನವಂತೆ!”

ಮುಖಂಡರು ನನ್ನೆದುರು ಕುಕ್ಕರುಗಾಲಲ್ಲಿ ಕೂತು, “ಹೆದರಬೇಡ ಕಣವ್ವ, ನಿಜ ಹೇಳು,” ಎಂದರು. ನಾನು ಉಸಿರೆಳೆದು ಹೊಟ್ಟೆ ಉಬ್ಬಿಸಿ ತೋರಿಸಿದೆ. ಅವರು ತಲೆ ತಗ್ಗಿಸಿದರು.

ಡಿಪೋ ಬೇಕಿಲ್ಲ ಎಂದು ಬರೆದುಕೊಂಡು ಅಮಲ್ದಾರರು ಹೊರಟುಹೋದರು. ಅವ್ವ ನನ್ನನ್ನು ಒಳಗೆಳೆದು ಅಪ್ಪಿಕೊಂಡು, “ಮನೆ ಮಾನ ಉಳಿಸ್ದೆ ಕಣ್ ಮಗ,” ಎಂದಳು. ನಾನು ಬೀಗಿದೆ.

ಅಷ್ಟರಲ್ಲಿ ಪಕ್ಕದ ಮನೆಯ ತುಂಬು ಬಸುರಿ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. “ಅಕ್ಕಾ, ನಿಮ್ಮನೇಲಿ ಅನ್ನ ಮಾಡಿದ್ರಂತಲ್ಲ,” ಎಂದಳು. “ಮಿಕ್ಕಿದ್ರೆ ಒಸಿ ಗಂಜಿನಾದ್ರೂ ಕೊಡಕ್ಕ.”